ಕಯಾಕ್ ಎಂಬ ಕಾಯಕ

ನೀರಿಗೆ ಹೆದರುವವನು ಎಂದು ನನ್ನನ್ನು ಯಾರಾದರೂ ಆಡಿಕೊಂಡರೆ ನನಗೇನೂ ಬೇಸರವಿಲ್ಲ. ಆದರೆ ಹೆದರಬೇಕಾದರೆ ಮೊದಲು ನೀರು ಇರಬೇಕಲ್ಲ! ಎಂಬತ್ತರ ದಶಕದಲ್ಲಿ ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದರೂ ಕೆಮ್ಮುತ್ತಾ, ಉಗುಳುತ್ತಾ, ಮುನಿಸಿಕೊಂಡ ನೆಂಟನ ಹಾಗೆ ಬೇಗ ಹೊರಟುಬಿಡುತ್ತಿತ್ತು. ನಾನು ಕಂಡಿದ್ದ ಅತಿ ದೊಡ್ಡ ಅಲೆಯೆಂದರೆ ಬಚ್ಚಲಮನೆಯ ಹಂಡೆಯಲ್ಲಿ ಚೊಂಬು ಮುಳುಗಿಸಿದಾಗ ಏಳುತ್ತಿದ್ದದ್ದು. ಅಂಥ ನಾನು, ಕಾಲು ಚಾಚಿದರೆ ಮುಗಿದೇಹೋಗುವಂಥ ದೋಣಿಯಲ್ಲಿ ಕೂತು, ಸಮುದ್ರದ ನಡುವಿನ ಜನವಿಲ್ಲದ ದ್ವೀಪಕ್ಕೆ ಹೋಗಿ ಮಲಗಿ ಎದ್ದು ಬಂದೆ ಎಂದರೆ ನನ್ನ ಸ್ವಂತ ತಮ್ಮನೇ ನಂಬುವುದಿಲ್ಲ. ಹೋಗಿದ್ದಂತೂ ನಿಜ. ಕಾರಣ ಅನ್ವರ್.

ಅನ್ವರ್ ನಮ್ಮ ಬೀದಿಯವನೇ. ಯಶವಂತಪುರದ ಕಾರ್ಖಾನೆಯಲ್ಲಿ ನಾನು ಗುಮಾಸ್ತ, ಅವನು ಫೈಬರ್‌ಗ್ಲಾಸಿನ ಅಚ್ಚು ಹಾಕುವ ವಿಭಾಗದಲ್ಲಿ. ಒಂದು ಸಲ ರಜೆ ಹಾಕಿ ಯಾವುದೋ ಸಾಹಸ ಶಿಬಿರಕ್ಕೆ ಹೋಗಿ ಬಂದವನು ಕ್ಯಾಂಟೀನಿನಲ್ಲಿ ನನ್ನೆದುರು ಕೂತು, "ಸಾರ್, ನಾನು ಕೆಲಸ ಬಿಟ್ಟು ಪೂರ್ತಿ ಕಯಾಕ್ ಮಾಡೋಣ ಅಂತಿದ್ದೀನಿ" ಎಂದ. ತಟ್ಟೆಗಳ ಗಲಾಟೆಯಲ್ಲಿ ನನಗೆ ಅದು 'ಕಾಯಕ' ಎಂದು ಕೇಳಿಸಿತು. "ಮಾಡಪ್ಪ, ಧಾರಾಳವಾಗಿ ಮಾಡು. ಕಾಯಕ ಯಾವುದಾದ್ರೇನು, ಮನಸ್ಸಿಟ್ಟು ಮಾಡಿದ್ರೆ ಸರಿ" ಎಂದು ಉಪದೇಶ ಮಾಡಿ ಎರಡನೇ ವಡೆಗೆ ಕೈ ಹಾಕಿದೆ. ಅವನು ನಿಜವಾಗಿಯೂ ರಾಜೀನಾಮೆ ಕೊಟ್ಟ. ಮನೆಯ ಹಿತ್ತಿಲಲ್ಲಿ ಕಯಾಕ್ ಎಂಬ ಕಿರಿದಾದ ಎರಡು ದೋಣಿ ಮಾಡಿಟ್ಟ. ಒಂದು ಒಬ್ಬರಿಗೆ, ಇನ್ನೊಂದು ಇಬ್ಬರಿಗೆ. ಯಾರು ಕೇಳಿದರೂ, "ಶ್ರೀಪತಿ ಸಾರ್ ಧೈರ್ಯ ಕೊಟ್ರು, ಅದಕ್ಕೇ ಬಿಟ್ಟೆ" ಎಂದು ನನ್ನ ಹೆಸರು ಹೇಳುತ್ತಿದ್ದ. ಬೀದಿಯ ಹಿರಿಯರು ನನ್ನನ್ನು ಹುಡುಗರ ತಲೆ ಕೆಡಿಸುವವನಂತೆ ನೋಡತೊಡಗಿದರು.

ಅಭ್ಯಾಸವೆಲ್ಲ ಜಕ್ಕೂರು ಕೆರೆಯಲ್ಲಿ. ಒಂದು ಭಾನುವಾರ ನಾನು, ನನ್ನ ಹೆಂಡತಿ ವಿಶಾಲು ನೋಡಲು ಹೋದೆವು. ಅಲ್ಲೇ ಎಮ್ಮೆ ತೊಳೆಯುತ್ತಿದ್ದವರೊಬ್ಬರು ದೋಣಿಯೊಳಕ್ಕೆ ಬಗ್ಗಿ ನೋಡಿ, "ಇಂಗೆ ಕಾಲು ಒಳಗಿಟ್ಟು ಕೂತ್ರೆ ಎದ್ದು ಬರೋದೆಂಗೆ ಸಾಮಿ?" ಎಂದು ಕೇಳಿದರು. ನನ್ನ ಪ್ರಶ್ನೆಯೂ ಅದೇ ಆಗಿತ್ತು. ವಿಶಾಲುವಿಗೆ ಪ್ರಶ್ನೆಗಳೇ ಇರಲಿಲ್ಲ. ಅವಳು ಶಾಲೆಯಲ್ಲಿ ಡ್ರಿಲ್ ಟೀಚರ್. ಸೆರಗು ಬಿಗಿದು ಕೂತವಳು ಕೆರೆಗೆ ಒಂದು ಸುತ್ತು ಹಾಕಿ ಬಂದು, "ರೀ, ರುಬ್ಬುಗುಂಡು ತಿರುಗಿಸೋದಕ್ಕಿಂತ ಸಲೀಸು" ಎಂದಳು. ನಾನು ಎಮ್ಮೆಗಳ ಜೊತೆ ದಡದಲ್ಲೇ ಉಳಿದೆ.

ಹಣ ಕೊಟ್ಟವರನ್ನು ಕಯಾಕಿನಲ್ಲಿ ಸಮುದ್ರದ ದ್ವೀಪಕ್ಕೆ ಕರೆದೊಯ್ಯುವುದು ಅನ್ವರನ ಯೋಜನೆ. ಮೊದಲ ಪ್ರವಾಸಕ್ಕೆ ಹೆಸರು ಕೊಟ್ಟಿದ್ದವರು ಹೊರಡುವ ವಾರ ಒಬ್ಬೊಬ್ಬರಾಗಿ ಕೈಕೊಟ್ಟರು. ಒಬ್ಬರಿಗೆ ಗೃಹಪ್ರವೇಶ, ಇನ್ನೊಬ್ಬರಿಗೆ ಸೊಂಟನೋವು. ಅನ್ವರ್ ನಮ್ಮ ಜಗಲಿಯ ಮೇಲೆ ಕೂತು ಸುಮ್ಮನೆ ನೆಲ ನೋಡುತ್ತಿದ್ದ. ಒಳಗಿನಿಂದ ಬಂದ ವಿಶಾಲು, "ನಾವಿಬ್ಬರೂ ಬರ್ತೀವಿ ಬಿಡೋ" ಎಂದುಬಿಟ್ಟಳು. ಅವನ ಮುಖ ಅರಳಿದ್ದನ್ನು ಕಂಡ ಮೇಲೆ ನಾನೂ ತಲೆಯಾಡಿಸಿದೆ. ಹೊರಡುವ ದಿನ ಅವನ ಅಮ್ಮಿ ನನ್ನನ್ನು ಗೇಟಿನ ಹತ್ತಿರ ಕರೆದು ಶುಂಠಿಯ ಪೊಟ್ಟಣ ಕೊಟ್ಟು, "ನೀವು ದೊಡ್ಡೋರು. ನೀವು ಹೇಳಿದ್ರಿ ಅಂತ ನೌಕ್ರಿ ಬಿಟ್ಟ. ಇನ್ಮೇಲೆ ನೀವೇ ನೋಡ್ಕೋಬೇಕು ಅವನ್ನ" ಎಂದು ಕಣ್ಣೊರೆಸಿಕೊಂಡರು. ನನ್ನನ್ನು ಅವನು ನೋಡಿಕೊಳ್ಳುತ್ತಾನೆಂದು ನಾನು, ಅವನನ್ನು ನಾನು ನೋಡಿಕೊಳ್ಳುತ್ತೇನೆಂದು ಅವರು. ಇಂಥ ಏರ್ಪಾಡಿನಲ್ಲಿ, ದೋಣಿಗಳನ್ನು ಹೇರಿಕೊಂಡ ಬಾಡಿಗೆಯ ಮೆಟಡೋರ್ ವ್ಯಾನು ಕರಾವಳಿಯತ್ತ ಹೊರಟಿತು.

ಹೊನ್ನಾವರ ದಾಟಿದ ಮೇಲೆ ಒಂದು ಮೀನುಗಾರರ ಹಳ್ಳಿಯಿಂದ ದೋಣಿಗಳನ್ನು ನೀರಿಗಿಳಿಸಿದೆವು. ವಿಶಾಲು ಒಂಟಿ ದೋಣಿಯಲ್ಲಿ, ಜೋಡಿ ದೋಣಿಯಲ್ಲಿ ಮುಂದೆ ನಾನು, ಹಿಂದೆ ಅನ್ವರ್. ಡೇರೆ, ಅಕ್ಕಿ, ಪಾತ್ರೆ, ಕುಡಿಯುವ ನೀರು ಎಲ್ಲ ನಮ್ಮ ಕಾಲುಗಳ ಸುತ್ತ. ನಮ್ಮ ದ್ವೀಪ ದೂರದಲ್ಲಿ ಮಗುಚಿಟ್ಟ ಬೋಗುಣಿಯಂತೆ ಕಾಣುತ್ತಿತ್ತು. ಅನ್ವರ್ ಹಿಂದಿನಿಂದ ಪಾಠ ಹೇಳುತ್ತಿದ್ದ: "ಸಾರ್, ಹುಟ್ಟನ್ನ ಗಟ್ಟಿಯಾಗಿ ಹಿಡಿಬೇಡಿ. ಅಲೆ ಜೊತೆ ಜಗಳ ಆಡ್ಬಾರ್ದು. ಸಮುದ್ರ ನಮ್ಮ ಫ್ರೆಂಡು..." ಅಷ್ಟರಲ್ಲಿ ಪಾಠ ನಿಂತಿತು. ತುಸು ಹೊತ್ತಾದ ಮೇಲೆ ಬೇರೆಯೇ ಒಂದು ಶಬ್ದ ಬಂತು. ತಿರುಗಿ ನೋಡಲು ನನಗೆ ಧೈರ್ಯವಿರಲಿಲ್ಲ. ತಿರುಗಿದರೆ ದೋಣಿಯೂ ತಿರುಗುತ್ತದೆಂಬ ಭಯ.

"ಸಾರ್," ಎಂದು ಕ್ಷೀಣವಾದ ದನಿ. "ವಾಂತಿ ಆಗ್ತಿದೆ. ಸ್ವಲ್ಪ ಹೊತ್ತು ನೀವೇ ಹುಟ್ಟು ಹಾಕ್ತೀರಾ?"

ಜಕ್ಕೂರು ಕೆರೆಯಲ್ಲಿ ಅಲೆಯೇಳುವುದಿಲ್ಲ ಎಂಬ ಸಂಗತಿಯನ್ನು ನಾವ್ಯಾರೂ ಯೋಚಿಸಿಯೇ ಇರಲಿಲ್ಲ. ಇಲ್ಲಿ ಸಮುದ್ರ ಮಗುವನ್ನು ತೂಗುವಂತೆ ನಿಧಾನವಾಗಿ ಎತ್ತಿ ಇಳಿಸುತ್ತಿತ್ತು, ನಿಲ್ಲಿಸುತ್ತಲೇ ಇರಲಿಲ್ಲ. ನನಗೆ ಏನೂ ಆಗಲಿಲ್ಲ. ಭಯದಲ್ಲಿ ನನ್ನ ಹೊಟ್ಟೆ ಮೊದಲೇ ಗಂಟಾಗಿತ್ತು, ಅದರಿಂದ ಯಾವುದೂ ಹೊರಗೆ ಬರುವಂತಿರಲಿಲ್ಲ. ಈಜು ಬಾರದ ನಾನು, ಹಿಂದೆ ತಲೆ ಎತ್ತಲಾರದ ಮಾರ್ಗದರ್ಶಿಯನ್ನು ಕೂರಿಸಿಕೊಂಡು, ಅತ್ತ ಇತ್ತ ನೀರು ಬಡಿದೆ. ದೋಣಿ ಇದ್ದಲ್ಲೇ ಪ್ರದಕ್ಷಿಣೆ ಹಾಕಿತು. ಆಗ ಪಕ್ಕಕ್ಕೆ ಬಂದ ವಿಶಾಲು ಶಾಲೆಯ ಮೈದಾನದ ದನಿ ತೆಗೆದಳು: "ಎಡ! ಬಲ! ರೀ, ಎಡ ಅಂದ್ರೆ ಎಡ! ಅನ್ವರ್, ನೀನು ದ್ವೀಪಾನೇ ನೋಡ್ತಿರು, ಕೆಳಗೆ ನೋಡ್ಬೇಡ!" ಮಕ್ಕಳು ಅವಳಿಗೇಕೆ ಹೆದರುತ್ತಾರೆಂದು ಆ ದಿನ ತಿಳಿಯಿತು. ಹಾಗೇ ಎಡಬಲ ಎನ್ನುತ್ತ, ತೋಳು ಬಿದ್ದುಹೋಗುವ ಹೊತ್ತಿಗೆ, ದೋಣಿಯ ಮೂತಿ ಮರಳಿಗೆ ಉಜ್ಜಿತು.

ದ್ವೀಪದಲ್ಲಿ ಬಂಡೆ, ಕುರುಚಲು ಗಿಡ, ಏಡಿ, ಗಾಳಿ, ಇಷ್ಟೇ. ಅನ್ವರ್ ನಮಗೆ ಬೆನ್ನು ಹಾಕಿ ಬಂಡೆಯ ಮೇಲೆ ಕೂತ. ಹತ್ತಿರ ಹೋದೆ.

"ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡ್ ಬಂದೆ ಸಾರ್. ನೀವೇ ನನ್ನ ಹೊತ್ಕೊಂಡ್ ಬಂದ್ರಿ," ಎಂದ. "ವಾಪಸ್ ಹೋಗಿ ಫ್ಯಾಕ್ಟರೀಲೇ ಕೆಲಸ ಕೇಳ್ಕೋತೀನಿ. ಎರಡೂ ದೋಣಿ ಒಡೆದು ಹಾಕ್ತೀನಿ."

ನಾನು ಮೊದಲು ಹೇಳಿದ್ದ ಉಪದೇಶದ ಫಲವೇ ಎದುರಿಗೆ ಕೂತಿತ್ತು. ಅಮ್ಮಿ ಕೊಟ್ಟ ಶುಂಠಿಯನ್ನು ಅವನ ಕೈಗಿಟ್ಟು, ಸಂಜೆಯಾಗುತ್ತಿದ್ದುದರಿಂದ ಡೇರೆ ಹಾಕಲು ಹೊರಟೆ. ಒಂದು ಗೂಟ ಹೊಡೆದರೆ ಇನ್ನೊಂದು ಕಿತ್ತು ಬರುತ್ತಿತ್ತು. ಕಂಬ ನಿಲ್ಲಿಸಲು ಒಳಗೆ ನುಗ್ಗಿದಾಗ ಗಾಳಿ ಬೀಸಿ ಇಡೀ ಡೇರೆ ನನ್ನ ಮೇಲೆ ಕವುಚಿಕೊಂಡಿತು. ಬಾಗಿಲು ಎಲ್ಲಿತ್ತೆಂದು ಮರೆತುಹೋಗಿ ಒಳಗೇ ಉರುಳಾಡಿದೆ. ಡೇರೆ ನನ್ನ ಸಮೇತ ಇಳಿಜಾರಿನಲ್ಲಿ ನೀರಿನ ಕಡೆ ಹೊರಟಿತು. "ವಿಶಾಲೂ!" ಎಂದು ಕೂಗಿದೆ.

"ಅಯ್ಯೋ ಸಾರ್, ಅಲ್ಲಾಡಬೇಡಿ! ಅಲ್ಲೇ ಇರಿ!" ಎನ್ನುತ್ತ ಅನ್ವರ್ ಓಡಿಬಂದ. ಕಾಲು ಹಿಡಿದು ನನ್ನನ್ನು ಹೊರಗೆಳೆದ. ಅವನು ನಗುತ್ತಿದ್ದ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಅವನನ್ನು ನೋಡಬೇಕಿತ್ತು! ಬಂಡೆಯ ಮರೆ ನೋಡಿ ಡೇರೆ ಎಬ್ಬಿಸಿದ. ಕಲ್ಲು ಜೋಡಿಸಿ, ಆ ಗಾಳಿಯಲ್ಲೂ ಒಲೆ ಹಚ್ಚಿ, ಖಿಚಡಿ ಮಾಡಿ, ಮೇಲೆ ನಿಂಬೆ ಉಪ್ಪಿನಕಾಯಿ ಹಾಕಿ ಬಡಿಸಿದ. ಸೂರ್ಯ ಮುಳುಗುವುದನ್ನು ನೋಡುತ್ತ ಮೂವರೂ ಪಾತ್ರೆ ಕೆರೆಯುವವರೆಗೆ ತಿಂದೆವು. ದೋಣಿ ಒಡೆಯುವ ಮಾತು ಮತ್ತೆ ಬರಲಿಲ್ಲ.

ಮರುದಿನ ಬೆಳಗ್ಗೆ ಶುಂಠಿ ಅಗಿಯುತ್ತ, ದಡದ ತೆಂಗಿನ ಮರಗಳಲ್ಲೇ ಕಣ್ಣು ನೆಟ್ಟು ಅನ್ವರ್ ಹುಟ್ಟು ಹಾಕಿದ. ನಡುವೆ ಒಮ್ಮೆ ಬಗ್ಗಿ ವಾಂತಿ ಮಾಡಿದ, ಆದರೆ ಕೈ ನಿಲ್ಲಿಸಲಿಲ್ಲ. "ವಾಂತಿ ಮಾಡ್ಕೊಂಡೂ ಹುಟ್ಟು ಹಾಕ್ಬಹುದು ಸಾರ್! ನಂಗೆ ಗೊತ್ತೇ ಇರ್ಲಿಲ್ಲ!" ಎಂದು ಹೊಸ ಭೂಖಂಡ ಕಂಡುಹಿಡಿದವನಂತೆ ಕೂಗಿದ. ಮುಂದಿನ ವರ್ಷಗಳಲ್ಲಿ ಅವನ ಜೊತೆ ಎಷ್ಟೋ ಜನ ಆ ಕಡಲಿಗೆ ಹೋಗಿ ಬಂದರು. ಪ್ರತಿ ತಂಡಕ್ಕೂ ಅವನು ಮೊದಲು ಹೇಳುತ್ತಿದ್ದದ್ದು, "ನಂಗೂ ವಾಂತಿ ಆಗುತ್ತೆ ಕಣ್ರೀ, ನಾಚ್ಕೋಬೇಡಿ" ಎಂದು. ಜನ ಅವನನ್ನು ನಂಬಿದ್ದು ಆ ಮಾತಿಗೇ ಇರಬೇಕು.

ನನ್ನ ಕಥೆ ಬೇರೆಯಾಯಿತು. ಊರಿಗೆ ಬಂದ ದಿನವೇ ವಿಶಾಲು ಕಾಫಿ ಲೋಟ ಕೈಗಿಟ್ಟು, ಮದುವೆಯಾದ ಹೊಸದರಲ್ಲೂ ನೋಡದಷ್ಟು ಪ್ರೀತಿಯಿಂದ ನನ್ನನ್ನು ನೋಡಿ, "ಅವನ ಮನಸ್ಸು ತಿರುಗ್ಲಿ ಅಂತ ಬೇಕೂಂತಲೇ ಟೆಂಟು ಬೀಳಿಸ್ಕೊಂಡ್ರಲ್ಲ, ಎಷ್ಟು ಒಳ್ಳೇವ್ರು ರೀ ನೀವು" ಎಂದಳು. "ಇಲ್ಲ ಕಣೇ, ನಿಜವಾಗ್ಲೂ ಬಿತ್ತು" ಎಂದೆ. ಅವಳು ನಕ್ಕಳು. ಅನ್ವರನಿಗೂ ಹೇಳಿದೆ, ಅವನು ನನ್ನ ಕೈ ಹಿಡಿದುಕೊಂಡು, "ಗೊತ್ತು ಬಿಡಿ ಸಾರ್" ಎಂದ. ಅಮ್ಮಿ ಹಬ್ಬಕ್ಕೆ ದೊಡ್ಡ ಡಬ್ಬಿ ತುಂಬ ಸಿಹಿ ಕಳಿಸಿದರು. ಎಷ್ಟು ಸಲ ನಿಜ ಹೇಳಿದೆನೋ ಅಷ್ಟೂ ಸಲ ನನ್ನ ವಿನಯ ಬೀದಿಯಲ್ಲಿ ಹೆಸರಾಯಿತು. ಈಗ ಹೇಳುವುದನ್ನೇ ಬಿಟ್ಟಿದ್ದೇನೆ. ಇತ್ತೀಚೆಗಂತೂ, ಆ ಡೇರೆಯನ್ನು ನಾನು ಬಹಳ ಯೋಚಿಸಿಯೇ ಬೀಳಿಸಿದ್ದಿರಬೇಕು ಎಂದು ನನಗೂ ಅನ್ನಿಸತೊಡಗಿದೆ.