ಎಂಟನೇ ಪುಟದ ಕಪ್ಪು ಚೌಕ

ಸೋಮವಾರ ಬೆಳಿಗ್ಗೆ ನಾಮ್ ಗಿಬೊಮ್ ತಾನು ಕೆಲಸ ಮಾಡುವ ವಿದ್ಯಾರ್ಥಿ ಪತ್ರಿಕೆಯ ಎಂಟನೇ ಪುಟ ತೆರೆದ. ಉನ್ಹಾ ವಿಶ್ವವಿದ್ಯಾಲಯದಲ್ಲಿ ಆ ಪುಟದವರೆಗೆ ಹೋಗುವವರೇ ಇಲ್ಲ. ಅವನೂ ಹೋಗದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗ್ರಂಥಾಲಯದ ಪ್ರಕಟಣೆ ಇರಬೇಕಾದ ಮೂಲೆಯಲ್ಲಿ ಕಪ್ಪು ಚೌಕಟ್ಟು ಹಾಕಿ ಹೀಗೆ ಅಚ್ಚಾಗಿತ್ತು: 'ಈ ಪತ್ರಿಕೆಯ ಮಾಜಿ ಸಂಪಾದಕರೂ ಸಲಹೆಗಾರರೂ ಆದ ಪ್ರೊಫೆಸರ್ ತಕ್ ಮುನ್ಸು ನಿಧನರಾದರು. ಸಂತಾಪ ತಿಳಿಸಬಯಸುವವರು ಪತ್ರಿಕಾ ಕಚೇರಿಗೆ ಫೋನ್ ಮಾಡಬಹುದು.'

ಗಿಬೊಮ್ ಅದನ್ನು ಮತ್ತೊಮ್ಮೆ ಓದಿದ. ಶುಕ್ರವಾರವಷ್ಟೇ ತಕ್ ಮೇಷ್ಟ್ರು ಅವನೆದುರು ಕೂತು ಎರಡು ಬಟ್ಟಲು ಸಾರು ಸೊರಸೊರ ಹೀರಿದ್ದರು. ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು.

"ಗಿಬೊಮ್, ಪತ್ರಿಕೆ ಬಂತೇನಯ್ಯಾ?" ಸತ್ತವರದೇ ದನಿ!

"ಬ... ಬಂತು ಮೇಷ್ಟ್ರೇ. ನೀವು... ಚೆನ್ನಾಗಿದೀರಾ?"

"ನಂಗೇನಾಗಿದೆ? ಯಾರಾದ್ರೂ ಫೋನ್ ಮಾಡಿದ್ರಾ?"

"ಯಾರೂ ಇಲ್ಲ."

"ಮಾಡ್ತಾರೆ, ಮಾಡ್ತಾರೆ," ಎಂದು ಖುಷಿಯಿಂದಲೇ ಫೋನ್ ಇಟ್ಟರು.

ಸಂಪಾದಕಿ ಸೊಲ್ ಹೆರಾನ್ ಒಳಗೆ ಬಂದು ಆ ಪುಟ ನೋಡಿದವಳೇ ಕುರ್ಚಿಯಲ್ಲಿ ಕುಸಿದಳು. ಅರವತ್ತು ದಾಟಿದ ಪ್ರಾಧ್ಯಾಪಕರಿಗೆಲ್ಲ ಒಂದೊಂದು ನಿಧನವಾರ್ತೆ ಮೊದಲೇ ಬರೆದಿಟ್ಟಿರುವುದು ಆ ಕಚೇರಿಯ ಹಳೆಯ ಪದ್ಧತಿ. ಕೊನೆಯ ಪುಟ ಜೋಡಿಸಿದವನು ಗಿಬೊಮ್. ಜೋಡಿಸುವಾಗ ತೂಕಡಿಸುತ್ತಿದ್ದವನೂ ಅವನೇ.

"ಲೋ ಗಿಬೊಮ್, ಬದುಕಿರೋ ಮನುಷ್ಯನ್ನ ಕೊಂದುಬಿಟ್ಯಲ್ಲೋ!"

"ಅಕ್ಕಾ, ನಾನು ಪ್ರಕಟಣೆನೇ ಹಾಕಿದ್ದೆ ಅನ್ಸುತ್ತೆ..."

"ಅನ್ಸುತ್ತಂತೆ! ಇವತ್ತೇ ಬೇಕಿತ್ತಾ ನಿಂಗೆ? ಪತ್ರಿಕೆ ನಿಲ್ಲಿಸ್ಬೇಕೋ ಬೇಡ್ವೋ ಅಂತ ಐದು ಗಂಟೆಗೆ ಕುಲಪತಿಗಳು ತೀರ್ಮಾನ ಮಾಡೋದು ಗೊತ್ತಿಲ್ವಾ?"

ಗೊತ್ತಿತ್ತು. ಯಾರೂ ಓದದ ಪತ್ರಿಕೆಗೆ ಕಾಗದ ಯಾಕೆ ದಂಡ ಎಂದು ಕುಲಪತಿಗಳು ವರ್ಷದಿಂದ ಗೊಣಗುತ್ತಿದ್ದರು. ಯುದ್ಧ ಮುಗಿದ ವರ್ಷ ಡೇರೆಯೊಂದರಲ್ಲಿ ಹುಟ್ಟಿ, ಅರವತ್ತು ವರ್ಷ ಒಂದು ವಾರವೂ ತಪ್ಪದೆ ಬಂದ ಪತ್ರಿಕೆ ಅದು. ಅದಕ್ಕಾಗಿ ಕುಲಪತಿಗಳ ಮುಂದೆ ಜಗಳವಾಡುತ್ತಿದ್ದವರು ತಕ್ ಮೇಷ್ಟ್ರೊಬ್ಬರೇ.

"ಒಂದು ಪ್ರತಿನೂ ಹೊರಗೆ ಇರಕೂಡದು. ಹೋಗು!" ಎಂದಳು ಹೆರಾನ್.

ಗಿಬೊಮ್ ತಳ್ಳುಗಾಡಿ ಹಿಡಿದು ಓಡಿದ. ಮೊದಲು ಸಿಕ್ಕಿದ್ದು ಊಟದ ಮನೆ. ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಅಲ್ಲಿನ ಅಡುಗೆಯವಳು ಇಡೀ ಕಟ್ಟನ್ನು ಬಿಚ್ಚಿ ನೆಲಕ್ಕೆ ಹಾಸಿ, ಈರುಳ್ಳಿ ಸೊಪ್ಪು ಸೋಸುತ್ತಿದ್ದಳು.

"ಚಿಕ್ಕಮ್ಮಾ, ಈ ಪೇಪರ್ ವಾಪಸ್ ಬೇಕು."

"ಯಾಕಪ್ಪಾ? ಚೆನ್ನಾಗಿ ನೀರು ಹೀರ್ಕೊಳ್ತಿದೆಯಲ್ಲ."

ಬಾಯಿಗೆ ಬಂದ ಸುಳ್ಳನ್ನು ಗಿಬೊಮ್ ಹೇಳಿಬಿಟ್ಟ. "ಈ ಸಲದ ಶಾಯಿ ಸರಿ ಇಲ್ಲ. ಮುಟ್ಟಿದ್ರೆ ತುರಿಕೆ ಆಗುತ್ತೆ."

ಚಿಕ್ಕಮ್ಮ ಸೊಪ್ಪು, ಚಾಕು ಎಲ್ಲ ಬಿಟ್ಟು ಎದ್ದು ನಿಂತಳು. "ಅದಕ್ಕೇ ನೋಡು, ಬೆಳಗಿಂದ ಮೊಣಕೈ ಕೆರೀತಾನೇ ಇದೆ!"

ಅರ್ಧ ಗಂಟೆಯೊಳಗೆ ತುರಿಕೆಯ ಸುದ್ದಿ ಎಲ್ಲರ ಫೋನಿಗೂ ಹಾರಿತು. ಗಿಬೊಮ್ ಹೋದಲ್ಲೆಲ್ಲ ಹುಡುಗರು ಪತ್ರಿಕೆಯನ್ನು ಚಾಪ್‌ಸ್ಟಿಕ್‌ನಲ್ಲಿ ಎತ್ತಿ ತಂದು ಗಾಡಿಗೆ ಹಾಕಿದರು. ಆರೋಗ್ಯ ಕೇಂದ್ರದ ಮುಂದೆ ಸಾಲು ನಿಂತಿತು. ಆ ಸಾಲಿನಲ್ಲಿ ಪತ್ರಿಕೆಯನ್ನು ಜನ್ಮದಲ್ಲೇ ಮುಟ್ಟದವರೂ ಇದ್ದರು. ಆದರೆ ಸತ್ತ ಮೇಷ್ಟ್ರ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಗಿಬೊಮ್‌ಗೆ ಸಮಾಧಾನವೂ ಆಯಿತು, ಬೇಸರವೂ ಆಯಿತು.

ಗೇಟಿನ ಕಾವಲು ಅಜ್ಜ ಮಾತ್ರ ಕನ್ನಡಕ ಮೂಗಿಗೇರಿಸಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದ.

"ಅಜ್ಜಾ, ಕೊಡಿ ಇಲ್ಲಿ. ತುರಿಕೆ ಬರುತ್ತೆ!"

"ಬಂದ್ರೆ ಕೆರ್ಕೋತೀನಿ ಬಿಡು. ಏಳನೇ ಪುಟಕ್ಕೆ ಬಂದಿದೀನಿ ಕಣೋ, ಇನ್ನೊಂದೇ ಪುಟ. ಇಪ್ಪತ್ತು ವರ್ಷದಿಂದ ಒಂದಕ್ಷರ ಬಿಟ್ಟವನಲ್ಲ ನಾನು!"

ಗಿಬೊಮ್ ಕಿತ್ತುಕೊಂಡು ಓಡಿದ. ಅಜ್ಜನ ಬೈಗುಳ ಆಟದ ಮೈದಾನದವರೆಗೂ ಬೆನ್ನಟ್ಟಿ ಬಂತು.

ಹುಲ್ಲುಹಾಸಿನ ಮೇಲೆ ಕಂಡ ನೋಟಕ್ಕೆ ಅವನು ಗಾಡಿಯನ್ನು ಗಕ್ಕನೆ ನಿಲ್ಲಿಸಿದ. ಸಾಕ್ಷಾತ್ ತಕ್ ಮೇಷ್ಟ್ರೇ ಚಕ್ಕಳಮಕ್ಕಳ ಹಾಕಿ ಕೂತು ಜಾಜಂಗ್ ನೂಡಲ್ಸ್ ತಿನ್ನುತ್ತಿದ್ದಾರೆ. ಬಟ್ಟಲ ಕೆಳಗೆ ಎಂಟನೇ ಪುಟ! ಕಪ್ಪು ಸಾಸಿನ ಹನಿಯೊಂದು ಅವರದೇ ಹೆಸರಿನ ಮೇಲೆ ಬಿದ್ದಿದೆ. ಜೊತೆಗಿದ್ದ ಇಬ್ಬರು ಶಿಷ್ಯರು ಕಿವಿಗೆ ಹಾಡು ಸಿಕ್ಕಿಸಿಕೊಂಡು ಮೂಲಂಗಿ ಕಡಿಯುತ್ತಿದ್ದಾರೆ.

"ಮೇಷ್ಟ್ರೇ, ಈ ಹಾಳೆ ಒದ್ದೆಯಾಗಿದೆ. ಬದಲಾಯಿಸ್ತೀನಿ," ಎಂದು ಗಿಬೊಮ್ ಬಟ್ಟಲೆತ್ತಿ, ಹೋದ ವಾರದ ಪತ್ರಿಕೆ ತುರುಕಿದ.

"ಇರಲಿ ಬಿಡಯ್ಯಾ." ಮೇಷ್ಟ್ರು ತಮ್ಮ ಮಡಚುವ ಹಳೇ ಫೋನನ್ನು ಮತ್ತೊಮ್ಮೆ ತೆರೆದು ನೋಡಿ ಮುಚ್ಚಿದರು. "ಈ ಸಲ ಪತ್ರಿಕೆ ಹೇಗೆ ಹೋಗ್ತಿದೆ?"

"ಒಂದು ಪ್ರತಿನೂ ಉಳಿದಿಲ್ಲ ಮೇಷ್ಟ್ರೇ!"

"ಒಂದೂ ಉಳಿದಿಲ್ವಾ?" ಮುದುಕರ ಕಣ್ಣು ತುಂಬಿ ಬಂತು. "ನಾನು ಸಂಪಾದಕನಾಗಿದ್ದಾಗ ಸೈನಿಕರದೇ ಆಡಳಿತ, ಅವರು ಒಂದು ವರದಿ ಕಿತ್ತು ಹಾಕಿದ್ರು. ಆ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿಸ್ದೆ. ಆ ಖಾಲಿ ಜಾಗಾನೂ ಜನ ಓದಿದ್ರು ಕಣಯ್ಯಾ. ನಂಗೆ ಗೊತ್ತಿತ್ತು, ಈಗ್ಲೂ ಓದ್ತಾರೆ."

ಐದು ಗಂಟೆಗೆ ಐದು ನಿಮಿಷ ಇರುವಾಗ ಗಿಬೊಮ್ ಕೊನೆಯ ಪ್ರತಿಯನ್ನು ಕಚೇರಿಯ ರಾಶಿಗೆ ಎಸೆದು ಬೆವರೊರೆಸಿಕೊಂಡ. ಹೆರಾನ್ ಮೊದಲ ಬಾರಿಗೆ ಅವನ ಬೆನ್ನು ತಟ್ಟಿದಳು. ಆಗ ಬಾಗಿಲು ತೆರೆದು ಮೇಷ್ಟ್ರು ಬಂದರು.

"ಎಷ್ಟು ಫೋನ್ ಬಂತು?"

"ಒಂದೂ ಇಲ್ಲ ಮೇಷ್ಟ್ರೇ," ಎಂದ ಗಿಬೊಮ್ ಹೆಮ್ಮೆಯಿಂದ.

ಮೇಷ್ಟ್ರು ಮೆಲ್ಲಗೆ ಕೂತರು. "ಒಂದೂ? ಶನಿವಾರ ಬೆಳಿಗ್ಗೆ ಅಚ್ಚಿನ ಮನೆಗೆ ಹೋಗಿ, ನಿನ್ನ ಪ್ರಕಟಣೆ ತೆಗೆಸಿ ನನ್ನ ನಿಧನವಾರ್ತೆ ನಾನೇ ಹಾಕಿಸ್ದೆ. ಐದು ಗಂಟೆಯೊಳಗೆ ಒಬ್ಬರಾದ್ರೂ ಫೋನ್ ಮಾಡಿ ಅಯ್ಯೋ ಅಂದ್ರೆ ಪತ್ರಿಕೆ ಮುಂದುವರಿಸ್ತೀನಿ ಅಂತ ಕುಲಪತಿಗಳು ಮಾತು ಕೊಟ್ಟಿದ್ರು. ಒಂದೂ ಉಳಿದಿಲ್ಲ ಅಂದ್ಯಲ್ಲ, ಎಲ್ಲಿ ಹೋದ್ವು ಎಲ್ಲಾ?"

ಗಿಬೊಮ್‌ನ ಕಣ್ಣು ಮೂಲೆಯ ರಾಶಿಯತ್ತ ಹೋಯಿತು. ಮೇಷ್ಟ್ರೂ ಅತ್ತ ತಿರುಗಿದರು. ಏಳನೇ ಪುಟಕ್ಕೆ ಮಡಚಿದ್ದ ಅಜ್ಜನ ಪ್ರತಿ ರಾಶಿಯ ಮೇಲೆಯೇ ಇತ್ತು. ಗೋಡೆಯ ಗಡಿಯಾರ ಐದು ಹೊಡೆಯಿತು.

ಮೇಷ್ಟ್ರು ಎದ್ದು, ಹೊಡೆತ ಬೀಳುತ್ತದೆಂದು ತಲೆ ತಗ್ಗಿಸಿದ್ದ ಗಿಬೊಮ್‌ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು.

"ಆ ಕಪ್ಪು ಚೌಕ ತೆರಿ," ಎಂದರು. "ನನ್ನ ಹೆಸರು, ಹುದ್ದೆ ಅಳಿಸಿ ಪತ್ರಿಕೆ ಹೆಸರು ಹಾಕು. ಉಳಿದಿದ್ದೆಲ್ಲ ಹಾಗೇ ಇರ್ಲಿ."