ಕುತ್ತಿಗೆಗೆ ಬಂದ ಕುದುರೆ ಕೂದಲು

ಸೂಜಿಯಿಲ್ಲದೆ, ಔಷಧಿಯಿಲ್ಲದೆ, ಡಾಕ್ಟರ ಮುಖವನ್ನೂ ನೋಡದೆ ನನ್ನ ಕುತ್ತಿಗೆಯ ನರಹುಲಿಯನ್ನು ಮನೆಯಲ್ಲೇ ಉದುರಿಸುತ್ತೇನೆ ಎಂದು ನಾನು ಘೋಷಿಸಿದಾಗ ವಾಡಿ ಜಂಕ್ಷನ್ನಿನಲ್ಲಿ ಯಾವುದೋ ಗಾಡಿ ಸೀಟಿ ಹೊಡೆಯಿತು. ಅದನ್ನು ಶುಭಶಕುನವೆಂದೇ ತಿಳಿದೆ!

ಜೋಳದ ಕಾಳಿನಷ್ಟು ಗಾತ್ರದ ಮೆತ್ತನೆಯ ಚರ್ಮ, ಸಣ್ಣ ತೊಟ್ಟಿನಿಂದ ಜೋತಾಡುವಂಥದ್ದು. ಐವತ್ತು ದಾಟಿದ ಮೇಲೆ ಇಂಥವು ಒಂದೊಂದಾಗಿ ಬಂದು ನನ್ನ ಕೊರಳಲ್ಲಿ ಬಿಡಾರ ಹೂಡಿದ್ದವು. ಇದ್ದರೆ ಇರಲಿ ಎಂದು ಬಿಟ್ಟಿದ್ದೆ. ಆದರೆ ದೊಡ್ಡದೊಂದು ಸರಿಯಾಗಿ ಶಿವದಾರ ಕೂರುವ ಜಾಗದಲ್ಲೇ ಬೆಳೆಯಬೇಕೆ? ಲಿಂಗದ ಕರಡಿಗೆ ತೂಗಿದಾಗಲೆಲ್ಲ ದಾರ ಉಜ್ಜಿ ಉರಿಯೋ ಉರಿ. ಒಂದು ದಿನ ಅಂಗಿಯ ಕಾಲರಿನಲ್ಲಿ ರಕ್ತದ ಕಲೆ ಕಂಡು ಹೆಂಡತಿ ಭುವನೇಶ್ವರಿ ಗಾಬರಿಯಾದಳು.

“ಏನ್ರಿ, ಇದು ಏನರೆ ಬ್ಯಾರೆ ಇದ್ದರ ಏನ್ ಗತಿ? ದವಾಖಾನಿಗೆ ನಡೀರಿ. ಇಲ್ಲಾಂದ್ರ ಶಿವದಾರ ತೆಗೆದಿಡ್ರಿ.”

“ಲಿಂಗ ಮೈಮ್ಯಾಲಿಂದ ತೆಗೀಲಾ? ತಲಿ ಕೆಟ್ಟದೇನು ನಿನಗ?”

“ಹಂಗಾರ ದವಾಖಾನಿ!”

ನಿಮ್ಮೆದುರು ಮುಚ್ಚಿಡುವುದೇನು, ನನಗೆ ಸೂಜಿ ಎಂದರೆ ಜೀವ ಹೋಗುತ್ತದೆ. ಆದರೆ ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಗಂಡಸು ಹೆಂಡತಿಯೆದುರು ಹಾಗೆನ್ನಲಾದೀತೇ? ಪರಂಪರೆಯ ಮೊರೆಹೊಕ್ಕೆ.

“ಸಣ್ಣಾವಿದ್ದಾಗ ನನ್ನ ಕೈಮ್ಯಾಲ ಇಂಥದೇ ನರೂಲಿ ಇತ್ತು. ಅವ್ವ ಕುದುರಿ ಕೂದಲಾ ಬಿಗದು ಕಟ್ಟಿದ್ಳು. ತಾನೇ ಉದುರಿ ಬಿತ್ತು. ಡಾಕ್ಟರೂ ಇಲ್ಲ, ಗೀಕ್ಟರೂ ಇಲ್ಲ!”

“ತಾನೇ ಬಿತ್ತಾ? ಬರೋಬರಿ ನೆನಪದ ನಿಮಗ?”

“ನೆನಪದ ಅಂದ್ರ? ಕಣ್ಣಿಗೆ ಕಟ್ಟಿದಂಗ ಅದ!”

ಹೌದು, ಹಾಗೇ ಇತ್ತು. ಆಗ ನಾವು ಶಹಾಬಾದಿನಲ್ಲಿದ್ದೆವು. ಸ್ಟೇಷನ್ನಿನ ಹೊರಗೆ ಟಾಂಗಾಗಳ ಸಾಲು, ಕುದುರೆಗಳ ಕೊರಳ ಗೆಜ್ಜೆ, ಹಸಿ ಹುಲ್ಲಿನ ವಾಸನೆ, ಕಲ್ಲಿನ ಪುಡಿಯಿಂದ ಬೆಳ್ಳಗಾದ ರಸ್ತೆ. ಅವ್ವ ಕೂದಲಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿಯುತ್ತಿದ್ದಳು. ಹೇಳುತ್ತ ಹೇಳುತ್ತ ನನಗೇ ಕಣ್ಣು ತುಂಬಿತು. ಆ ಟಾಂಗಾಗಳೂ ಹೋದವು, ಆ ಕಾಲವೂ ಹೋಯಿತು.

ಅವ್ವನನ್ನೇ ಕೇಳೋಣವೆಂದರೆ ಅವಳು ಚಿಮ್ಮನಚೋಡದ ತಂಗಿಯ ಮನೆಗೆ ಹೋಗಿದ್ದಳು. ಕೇಳುವುದೇನಿದೆ, ಕಣ್ಣಿಗೆ ಕಟ್ಟಿದೆಯಲ್ಲ! ಆದರೆ ಈಗ ಕುದುರೆ ಎಲ್ಲಿ? ವಾಡಿಯಲ್ಲಿ ರೈಲು, ಲಾರಿ, ಆಟೋ ಬೇಕಾದಷ್ಟಿವೆ. ಕೊನೆಗೆ ಶಹಾಬಾದಿಗೇ ಹೋಗಿ ಹಳೆಯ ಸಹಪಾಠಿ ಮುಕ್ರಮನನ್ನು ಹಿಡಿದೆ. ಅವನ ಅಪ್ಪ ಟಾಂಗಾ ಹೊಡೆಯುತ್ತಿದ್ದ. ಇವನು ಮದುವೆ ಮೆರವಣಿಗೆಗೆಂದು ಬಿಳಿ ಕುದುರೆ ಸಾಕಿದ್ದಾನೆ.

“ಅರೆ ಶಾಂತಣ್ಣಾ! ಒಂದು ಕೂದಲಕ್ಕ ಇಷ್ಟು ದೂರ ಬಂದಿ? ತಗೋ. ಆದ್ರ ಅದರ ಹಿಂದ ನಿಂದರಬ್ಯಾಡ.”

ಹಿಂದೆ ನಿಲ್ಲದೆ ಬಾಲದ ಕೂದಲು ಕೀಳುವುದು ಹೇಗೆ? ನಿಂತೆ, ಕಿತ್ತೆ. ಅದು ಒದೆಯಿತು! ಪುಣ್ಯಕ್ಕೆ ಒದೆ ಬಿದ್ದದ್ದು ಪಕ್ಕದ ನೀರಿನ ಬಕೆಟ್ಟಿಗೆ. ಅಡಿಯಿಂದ ಮುಡಿಯವರೆಗೆ ತೊಯ್ದು, ಗೆದ್ದ ರಾಜ್ಯದ ಧ್ವಜದಂತೆ ಆ ಒಂದು ಕೂದಲನ್ನು ಹಿಡಿದು ಪ್ಯಾಸೆಂಜರ್ ಗಾಡಿಯಲ್ಲಿ ವಾಡಿಗೆ ಮರಳಿದೆ.

ಸಂಜೆ ಕಟ್ಟುವ ಕಾರ್ಯ.

“ಬಿಗೀಲೇನ್ರಿ?”

“ಬಿಗಿ!”

“ಇನ್ನಾ?”

“ಇನ್ನಾ ಬಿಗಿ!”

ಕನ್ನಡಕ ಹುಡುಕುವ ವ್ಯವಧಾನವಿಲ್ಲದೆ ಭುವನೇಶ್ವರಿ ಗಂಟಿನ ಮೇಲೆ ಗಂಟು ಹಾಕಿದಳು.

ಮರುದಿನ ಪೂಜೆಗೆ ಕುಳಿತೆ. ವಿಭೂತಿ ಹಚ್ಚಿ ಭಕ್ತಿಯಿಂದ ಕರಡಿಗೆಯನ್ನು ಮುಂದಕ್ಕೆ ಎಳೆದೆ. “ಯವ್ವಾ!” ಕತ್ತೇ ಕಿತ್ತು ಬಂದಂತಾಯಿತು. ಕನ್ನಡಿಯಲ್ಲಿ ನೋಡಿದರೆ ಏನು ಹೇಳಲಿ! ನನ್ನ ಧರ್ಮಪತ್ನಿ ನರಹುಲಿಯನ್ನೂ ಶಿವದಾರವನ್ನೂ ಸೇರಿಸಿ ಕಟ್ಟಿಬಿಟ್ಟಿದ್ದಳು! ನರಹುಲಿ ನೇರಳೆ ಬಣ್ಣಕ್ಕೆ ತಿರುಗಿ ಊದಿತ್ತು. ಕೂದಲು ಅದರೊಳಗೆ ಹೂತು ಕಾಣದಾಗಿತ್ತು.

“ದಾರ ಕಡೀಲೇನ್ರಿ?” ಅವಳು ಕತ್ತರಿ ಹಿಡಿದು ಬಂದಳು.

“ದಾರಕ್ಕ ಕೈ ಹಚ್ಚಬ್ಯಾಡ!”

“ನಿಮಗ ಏನರೆ ಆದ್ರ ನಾ ಏನ್ ಮಾಡಲಿ?” ಎಂದು ಅವಳು ಅಳತೊಡಗಿದಾಗ ನನ್ನ ಶೌರ್ಯವೆಲ್ಲ ಇಳಿದುಹೋಯಿತು. ಅಷ್ಟರಲ್ಲಿ ಚಿಮ್ಮನಚೋಡದಿಂದ ಬಂದಿಳಿದ ನನ್ನವ್ವ ಚಂದಮ್ಮ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ಚೀಲವನ್ನೂ ಕೆಳಗಿಡಲಿಲ್ಲ.

“ನಡಿ ದವಾಖಾನಿಗೆ.”

ಆಟೋದಲ್ಲಿ ನಾನು ಕತ್ತು ವಾಲಿಸಿ, ಕರಡಿಗೆಯನ್ನು ಎರಡೂ ಕೈಯಿಂದ ಎದೆಗೊತ್ತಿ ಕುಳಿತಿದ್ದೆ. ನನ್ನ ಭಕ್ತಿ ಕಂಡು ದಾರಿಹೋಕರೊಬ್ಬರು ಕೈಮುಗಿದರು. ತಿರುಗಿ ಮುಗಿಯೋಣವೆಂದರೆ ಕೈ ಬಿಡುವಂತಿಲ್ಲ!

ಡಾಕ್ಟರ್ ಅಂಬಿಕಾ ಅವರದು ಸಣ್ಣ ಕ್ಲಿನಿಕ್ಕು. ದೀಪ ಹಿಡಿದು ನೋಡಿ, ಚಿಕ್ಕ ಕತ್ತರಿಯಿಂದ ಕೂದಲನ್ನಷ್ಟೇ ಕತ್ತರಿಸಿ ತೆಗೆದರು. ಶಿವದಾರದ ಒಂದೆಳೆಯೂ ಹರಿಯಲಿಲ್ಲ. ನನಗೆ ಹೋದ ಜೀವ ಬಂತು.

“ಫಿಕರ್ ಮಾಡಬ್ಯಾಡ್ರಿ, ಕೆಟ್ಟ ಗಂಟಲ್ಲ ಇದು. ಆದ್ರ ಹಿಂಗ ಕಟ್ಟಿದ್ರ ಕೀವಾಗಿ ನಂಜೇರ್ತದ. ಶುಗರ್ ನೋಡಿ, ಜಾಗ ಮರಗಟ್ಟಿಸಿ ಸುಟ್ಟು ತೆಗೀತೀನಿ. ಈ ಕೂದಲಾ ಕಟ್ಟಲಿಕ್ಕ ಯಾರು ಹೇಳಿದ್ರು?”

ವಾಲಿದ ಕತ್ತಿನಲ್ಲೇ ಎದೆಯುಬ್ಬಿಸಿದೆ. “ನಮ್ಮವ್ವಂದೇ ಮದ್ದು ಮೇಡಂ! ಸಣ್ಣಾವಿದ್ದಾಗ ಕಟ್ಟಿದ್ಳು, ತಾನೇ ಉದುರಿತ್ತು.”

“ಎಲ್ಲಿ ಉದುರಿತ್ತೋ ಯಪ್ಪಾ?” ಅವ್ವ ಹಣೆ ಚಚ್ಚಿಕೊಂಡಳು. “ಕೈ ಬಾತು ಕುಂಬಳಕಾಯಿ ಆಗಿತ್ತು! ಮೈಯೆಲ್ಲಾ ಜ್ವರ. ನಿಮ್ಮಪ್ಪ ಟಾಂಗಾದಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ರು. ಡಾಕ್ಟರ್ ಸೂಜಿ ಮಾಡಿ ಕೊಯ್ದು ತೆಗದ್ರು. ಅತ್ತದ್ದೆಲ್ಲಾ ಮರತು ಕುದುರಿ ಅಷ್ಟೇ ನೆನಪಿಟ್ಟೀ ನೋಡು!”

ಇಷ್ಟು ವರ್ಷ ಎದೆಯಲ್ಲಿ ಜೋಪಾನ ಮಾಡಿದ ನೆನಪು ನರಹುಲಿಗಿಂತ ಮೊದಲೇ ಉದುರಿಬಿತ್ತು. ಬೆಳಗಿನಿಂದ ಅಳುತ್ತಿದ್ದ ಭುವನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

ಡಾಕ್ಟರು ಸೂಜಿ ಎತ್ತಿದರು. ಅವ್ವ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದಳು. ರೊಟ್ಟಿ ತಟ್ಟಿ ತಟ್ಟಿ ಒರಟಾದ ಕೈ. ನಾಚಿಕೆ ಬಿಟ್ಟು ಹೇಳುತ್ತೇನೆ, ಅರವತ್ತು ದಾಟಿದ ಮೇಲೂ ಆ ಕೈ ಸಿಕ್ಕಿದ್ದು ಬಹಳ ಹಿತವಾಗಿತ್ತು. ಕಣ್ಣು ಮುಚ್ಚಿದೆ. ಚುರ್ ಎಂದಿತು, ಸುಟ್ಟ ವಾಸನೆ ಬಂತು. ನಾನು ಹೂಂ ಎನ್ನಲಿಲ್ಲ, ಹಾಂ ಎನ್ನಲಿಲ್ಲ! ‘ಶಾಂತಕುಮಾರರೇ, ಭಾಳ ಧೈರ್ಯ ನಿಮಗ’ ಎಂದು ಡಾಕ್ಟರು ಹೊಗಳಲೆಂದು ಕಾದೆ.

“ಮುಗದು ಭಾಳ ಹೊತ್ತಾತ್ರಿ ಸರ್,” ಎಂದರು ಡಾಕ್ಟರು. “ಈಗರೆ ಅವ್ವನ ಕೈ ಬಿಡ್ರಿ. ಪಾಪ, ಅವರ ಕಣ್ಣಾಗ ನೀರು ಬರಾಕತ್ತದ!”