ಮಿಷನ್ ಕಾಜ, ಕೈ ಕಾಜ

ಕಾಜ ಅಂದರೆ ಅಂಗಿಯಲ್ಲಿ ಗುಂಡಿ ತೂರುವ ಕಂಡಿ. ಅಷ್ಟು ಸಣ್ಣದರಲ್ಲಿ ಇಷ್ಟು ಫಜೀತಿ ಹೇಗೆ ಹಿಡಿಸುತ್ತೋ ಗೊತ್ತಿಲ್ಲ. ತಿಪಟೂರಿನ ನಮ್ಮ ಟೈಲರ್ ಅಂಗಡಿಯಲ್ಲಿ ಹೊಲಿಗೆ ನನ್ನದು, ಕಾಜ ನನ್ನ ಹೆಂಡತಿಯದು. ಈಗ ಅವಳಿಲ್ಲ. ನೆನೆಸಿಕೊಂಡರೆ ಮೊದಲು ನಗುವೇ ಬರುತ್ತೆ. ಮಿಕ್ಕಿದ್ದು ಆಮೇಲೆ.

೧. ಮಿಷನ್ ಬಂತು

ಎಪ್ಪತ್ತರ ದಶಕದ ಕೊನೆ. ಕಾಜ ಹಾಕುವ ಮಿಷನ್ ತಂದೆ. ಅವಳು ಬಾಗಿಲ ಪಕ್ಕದ ತನ್ನ ಚಾಪೆಯಿಂದ ಏಳದೆ ನೋಡಿದಳು.

"ಇನ್ನು ನನ್ನ ಸೂಜಿಗೇನು ಕೆಲಸ?"

"ಎಲ್ಲಾ ಮಿಷನ್ನೇ ಮಾಡುತ್ತೆ ಬುಡು. ಚಾಪೆ ಸುತ್ತಿಟ್ಟು ಆರಾಮಾಗಿ ನೋಡ್ತಾ ಕೂತ್ಕೊ."

"ಏನ್ ನೋಡೋದು, ನಿಮ್ಮ ಮುಖವಾ?"

ಚಾಪೆ ಸುತ್ತಲಿಲ್ಲ.

೨. ಬಿಗಿ ಕಾಜ

ಹೊನ್ನವಳ್ಳಿ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಮಿಷನ್ ಕಾಜ ಒಪ್ಪಲಿಲ್ಲ. "ಒಳಜೇಬಿಗೆ ಕೈ ಕಾಜವೇ ಆಗಬೇಕು. ಯಾರು ಎಳೆದರೂ ಗುಂಡಿ ಬಿಚ್ಚಬಾರದು."

ಅವಳು ದಾರಕ್ಕೆ ಮೇಣ ಹಚ್ಚಿ, ಕಂಡಿ ಕಿರಿದು ಮಾಡಿ, ಬಿಗಿಯಾಗಿ ಹೆಣೆದಳು.

ಅಂಗಿ ತೊಟ್ಟುಕೊಂಡು ಹೋದವರು ಸಂಜೆಗೆ ಏದುಸಿರು ಬಿಡುತ್ತಾ ಬಂದರು. ಎದೆ ಮೇಲೆ ಕೈ. ಗಾಬರಿಯಾಗಿ ಸ್ಟೂಲು ಕೊಟ್ಟೆ. ಕಾಯಿಲೆಯಲ್ಲ. ಮನೆ ಬೀಗದಕೈ ಆ ಜೇಬಿನೊಳಗಿತ್ತು.

"ಬಿಚ್ಚಿಕೊಡಮ್ಮ. ಮನೆಯವರೆಲ್ಲ ಜಗಲಿ ಮೇಲೆ ಕೂತವ್ರೆ."

"ಯಾರು ಎಳೆದರೂ ಬಿಚ್ಚಬಾರದು ಅಂದಿದ್ರಲ್ಲ?"

"ಕಳ್ಳರಿಗೆ ಅಂದೆ ಕಣಮ್ಮ. ನನ್ನನ್ನೂ ಸೇರಿಸಿಬುಟ್ಟೆಯಲ್ಲ."

೩. ಮದುವೆ ಅಂಗಿ

ಸಂಪಿಗೆ ಅನ್ನೋ ಊರಿನ ಹುಡುಗ. ಮಾರನೇ ದಿನ ಅವನ ಮದುವೆ. ಅಂಗಿಯ ಒಂದು ಪಟ್ಟಿಗೆ ಮಿಷನ್ನಲ್ಲಿ ಕಾಜ ಹಾಕಿದೆ. ಅಷ್ಟರಲ್ಲಿ ಯಾರೋ ಬಂದು ಕೊಬ್ಬರಿ ರೇಟು ಮಾತಾಡಿದರು. ತಿರುಗಿ ಕೂತವನು ಇನ್ನೊಂದು ಪಟ್ಟಿಗೂ ಕಾಜ ಹಾಕಿಬಿಟ್ಟೆ.

ಹುಡುಗ ತೊಟ್ಟು ನೋಡಿದ. ಎರಡೂ ಕಡೆ ಕಂಡಿ.

"ಅಣ್ಣಾ, ಗುಂಡಿ ಎಲ್ಲಿಗೆ ಹಾಕ್ತೀರಾ?"

ಬೇರೆ ಅಂಗಿ ಹೊಲಿಯಲು ಬಟ್ಟೆಯಿಲ್ಲ, ಹೊತ್ತೂ ಇಲ್ಲ. ಹುಡುಗನ ಕಣ್ಣು ತುಂಬಿತ್ತು.

ಅವಳು ಚಾಪೆಯಿಂದಲೇ ಕೈ ಚಾಚಿ ಅಂಗಿ ಇಸಿದುಕೊಂಡಳು. ಗುಂಡಿಗಳನ್ನು ಎರಡೆರಡು ಬೆನ್ನಿಗೆ ಬೆನ್ನು ಹಿಡಿದು, ನಡುವೆ ದಾರದ ಕೊಂಡಿ ಹೆಣೆದಳು. ಒಂದು ಈ ಕಂಡಿಗೆ, ಜೋಡಿಯದು ಆ ಕಂಡಿಗೆ. ಅಂಗಿ ಚೆಂದಾಗಿ ಕೂತಿತು.

"ಸಾವ್ಕಾರ್ರ ಚಿನ್ನದ ಗುಂಡಿ ಹಿಂಗೇ ಇರ್ತವೆ ಕಣಪ್ಪ. ಕೇಳಿದೋರಿಗೆ ಹೊಸ ಫ್ಯಾಶನ್ ಅನ್ನು."

ಚಾಪೆ ಸುತ್ತು ಅಂತ ಆಮೇಲೆ ನಾನು ಅನ್ನಲಿಲ್ಲ.

ಹುಡುಗ ಮದುವೆ ಮನೆಯಲ್ಲಿ ಕೇಳಿದವರಿಗೆಲ್ಲ ಹಂಗೇ ಅಂದಿದ್ದಾನೆ. ಮದುವೆಯಾದ ವಾರಕ್ಕೆ ಅವನ ಗೆಳೆಯರು ಗುಂಪಾಗಿ ಬಂದರು. ಎಲ್ಲರಿಗೂ ಎರಡೂ ಕಡೆ ಕಾಜ ಬೇಕಂತೆ.

"ಅಕ್ಕಾ, ನೀವೇ ಹಾಕ್ಕೊಡಿ."

ಅವಳು ದಾರ ಹಲ್ಲಲ್ಲಿ ಕಡಿದು, ತಲೆ ಎತ್ತದೆ ಹೇಳಿದಳು: "ನಂಗೆ ಒಂದು ಕಡೆ ಹಾಕಕ್ಕೆ ಮಾತ್ರ ಬರೋದು ಕಣ್ರಪ್ಪ. ಎರಡೂ ಕಡೆ ಹಾಕೋ ವಿದ್ಯೆ ನಮ್ಮ ಯಜಮಾನ್ರದು."